ಪುಡಿ ಕುಡಿದ ಗಾಳಿ

ಐವರ್ನಾಡು, ಹೊರಡುವ ಮುಂಚಿನ ಭಾನುವಾರ

ನಾರ್ವೆಗೆ ಹೊರಟವಳು ನಾನಾದರೂ ಅಕ್ಕ, ಭಾವ ಇಬ್ಬರೂ ಸೇರಿ ಜೋಪಾನವಾಗಿ ಕಟ್ಟಿಕೊಟ್ಟದ್ದು ಆರು ಗಾಜಿನ ಕುಪ್ಪಿಗಳನ್ನು. ಒಂದೊಂದರಲ್ಲೂ ಎರಡು ಚಮಚದಷ್ಟು ತೆಳು ಹಳದಿ ಪುಡಿ. ಗೊತ್ತಿಲ್ಲದವರು ನೋಡಿದರೆ ಕಡ್ಲೆಹಿಟ್ಟು. ಕುಪ್ಪಿಗಳನ್ನು ಡಬ್ಬಿಯಲ್ಲಿಟ್ಟು, ಡಬ್ಬಿ ಅಲುಗಾಡದ ಹಾಗೆ ಒಂದು ಹಳೆಯ ಬೈರಾಸಿನಲ್ಲಿ ಸುತ್ತಿದೆವು. ಬೈರಾಸು ಎಂದರೆ ನಮ್ಮ ಕಡೆ ಮೈ ಒರೆಸುವ ಬಟ್ಟೆ. ಈ ಬೈರಾಸು ಮೈ ಒರೆಸುವುದನ್ನು ಬಿಟ್ಟು ವರ್ಷವಾಗಿತ್ತು. ಪುಡಿ ಒಣಗಿಸುವಾಗ ಧೂಳು ಬೀಳದಂತೆ ತಟ್ಟೆಯ ಮೇಲೆ ಹೊದೆಸುವುದೇ ಅದರ ಕೆಲಸ.

ನಾನು ಪುತ್ತೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವವಳು. ವಾಸ ಅಲ್ಲೇ ದರ್ಬೆಯಲ್ಲಿ, ತವರು ಮರ್ಕಂಜ, ಅಕ್ಕನನ್ನು ಕೊಟ್ಟದ್ದು ಐವರ್ನಾಡಿಗೆ. ನನ್ನ ಕ್ಲಾಸಿನಲ್ಲಿ ಆಕಳಿಸುತ್ತಾ ಕೂತಿದ್ದವರು ಡಾಕ್ಟರೇಟ್ ಪಡೆದು ಬಂದು ಸ್ಟಾಫ್‌ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲೇ ಕೂರತೊಡಗಿದಾಗ ನನಗೂ ಹಠ ಹುಟ್ಟಿತು. ನಲವತ್ತು ದಾಟಿದ ಮೇಲೆ ಪಿಎಚ್.ಡಿ.ಗೆ ಸೇರಿದೆ. ಈ ಪುಡಿ ಆ ಹಠದ ಫಲ.

ಪುಡಿಯ ವಿಷಯ ಸ್ವಲ್ಪ ಹೇಳಬೇಕು. ಲೋಹದ ಸಣ್ಣ ಗಂಟುಗಳು, ಗಂಟಿನಿಂದ ಗಂಟಿಗೆ ಸಾವಯವ ಕೋಲುಗಳು. ಮದುವೆ ಚಪ್ಪರಕ್ಕೆ ಕಂಬ ನೆಟ್ಟು ಅಡ್ಡಗಳನ್ನು ಕಟ್ಟಿದ ಹಾಗೆ, ಆದರೆ ಮೇಲೆ, ಕೆಳಗೆ, ಅಕ್ಕಪಕ್ಕ ಎಲ್ಲ ಕಡೆಗೂ ಚಪ್ಪರವೇ. ಗಂಟು, ಕೋಲು ಬಿಟ್ಟರೆ ಉಳಿದದ್ದೆಲ್ಲ ಖಾಲಿ ಕೋಣೆ. ಒಂದು ಚಮಚ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ನಮ್ಮ ಕಾಲೇಜಿನ ವಾಲಿಬಾಲ್ ಅಂಕಣ ಸಾಲದು. ಆ ಕೋಣೆಗಳಿಗೆ ಇಂಗಾಲದ ಡೈ ಆಕ್ಸೈಡ್ ಬಂದು ಕೂರುತ್ತದೆ. ಕೂತಲ್ಲಿಗೇ ಹೈಡ್ರೋಜನ್ ಕಳಿಸಿದರೆ ಲೋಹವು ಇಬ್ಬರನ್ನೂ ಜೋಡಿಸಿ ಫಾರ್ಮಿಕ್ ಆಸಿಡ್ ಮಾಡಿಕೊಡುತ್ತದೆ. ಹೊಗೆಯಾಗಿ ಹೋಗುವ ಅನಿಲದಿಂದ ಉಪಯೋಗದ ವಸ್ತು. ನನ್ನ ಪ್ರಬಂಧದ ಸಾರ ಇಷ್ಟೆ.

ಫಾರ್ಮಿಕ್ ಆಸಿಡ್ ಬೇರೆ ಊರಿನವರಿಗೆ ಪುಸ್ತಕದ ಹೆಸರಾಗಿರಬಹುದು. ಸುಳ್ಯ, ಕಡಬದ ಕಡೆ ರಬ್ಬರ್ ಇರುವ ಮನೆಗಳಲ್ಲಿ ಅದು ಅಡುಗೆಮನೆಯ ಉಪ್ಪಿನಷ್ಟೇ ಬಳಕೆಯ ವಸ್ತು. ಮರದಿಂದ ಇಳಿಸಿದ ಹಾಲಿಗೆ ನೀರು ಬೆರೆಸಿ, ಟ್ರೇಗೆ ಸುರಿದು, ಅಳತೆ ನೋಡಿ ಆಸಿಡ್ ಹಾಕಿದರೆ ಹಾಲು ಮೊಸರಿನ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಮೆಷಿನಿಗೆ ಕೊಟ್ಟರೆ ಶೀಟು. ಭಾವ ಪದ್ಮಯ್ಯನವರು ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತಿರುವವರು. ನನ್ನನ್ನು ಟೀಚರೆ ಎಂದೇ ಕರೆಯುವುದು. ನಮ್ಮ ಮನೆಮಾತು ಅರೆಭಾಷೆ. ಎಲ್ಲರಿಗೂ ತಿಳಿಯಲೆಂದು ಇಲ್ಲಿ ಅವರ ಮಾತನ್ನು ಪುತ್ತೂರು ಪೇಟೆಯ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ.

"ಗಾಳಿಯಿಂದ ಆಸಿಡ್ ಮಾಡುದಾ ಟೀಚರೆ? ಹಾಗಾದ್ರೆ ಬರುವಾಗ ನನಗೊಂದು ಕ್ಯಾನ್ ಅಲ್ಲಿಂದಲೇ ತನ್ನಿ" ಅಂದರು.

"ಮೊದಲು ಅದು ಗಾಳಿಯಿಂದಲೇ ಆದದ್ದು ಅಂತ ಅವರು ಒಪ್ಪಬೇಕಲ್ಲ ಭಾವ."

"ಮತ್ತೆಲ್ಲಿಂದ ಆಗುದು? ಆಕಾಶದಿಂದ ಬೀಳ್ತದಾ?"

ಅದೇ ಪ್ರಶ್ನೆಯನ್ನು ವಿಜ್ಞಾನ ಪತ್ರಿಕೆಯವರು ಸ್ವಲ್ಪ ಮರ್ಯಾದೆಯಾಗಿ ಕೇಳಿದ್ದರು. ಆಸಿಡ್ ಬಂದಿದೆ, ಸರಿ. ಅದರಲ್ಲಿರುವ ಇಂಗಾಲ ನೀವು ಕೊಟ್ಟ ಅನಿಲದ್ದೇ ಎಂದು ತೋರಿಸಿ, ಆಮೇಲೆ ಪ್ರಕಟಿಸುತ್ತೇವೆ ಎಂದು. ಅದನ್ನು ತೋರಿಸುವ ಸೌಕರ್ಯ ನಮ್ಮಲ್ಲಿ ಸಿಗಲಿಲ್ಲ. ನಾರ್ವೆಯ ಟ್ರಾಂಡ್‌ಹೈಮ್ ಊರಿನ ಒಂದು ಪ್ರಯೋಗಾಲಯದವರು ಹದಿನೈದು ದಿನಕ್ಕೆ ಬನ್ನಿ, ಇಲ್ಲಿ ಮಾಡೋಣ ಎಂದರು. ಪರೀಕ್ಷೆ ಪಾಸಾದರೆ ಪ್ರಬಂಧ, ಪ್ರಬಂಧವಾದರೆ ಪಿಎಚ್.ಡಿ. ಫೇಲಾದರೆ ಐದು ವರ್ಷದ ಕೆಲಸ ನೀರಿನಲ್ಲಿಟ್ಟ ಹೋಮ.

ಟ್ರಾಂಡ್‌ಹೈಮ್, ಕಸ್ಟಮ್ಸ್ ಮೇಜು

ಮಂಗಳೂರಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯವಳು ಕುಪ್ಪಿಯನ್ನು ಎತ್ತಿ ನೋಡಿ, "ಎಂತ ಮೇಡಂ, ಕಡ್ಲೆಹಿಟ್ಟಾ?" ಎಂದಿದ್ದಳು. ಕೆಮಿಸ್ಟ್ರಿ ಎಂದು ಹೇಳಿ ಪತ್ರ ತೋರಿಸಿದೆ. "ಪಿಯುಸಿಯಲ್ಲಿ ನನಗೆ ಅದೇ ಹೋದದ್ದು" ಎಂದು ಕುಪ್ಪಿಯನ್ನು ಹಾವು ಮುಟ್ಟಿದ ಹಾಗೆ ಡಬ್ಬಿಗೆ ಹಾಕಿದಳು.

ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಮಾನ ಬದಲಿಸಿ ಟ್ರಾಂಡ್‌ಹೈಮಿನಲ್ಲಿ ಇಳಿದಾಗ ಸಂಜೆ ಏಳು ಗಂಟೆ. ಬಿಸಿಲು ಮಾತ್ರ ನಮ್ಮ ಮಧ್ಯಾಹ್ನ ಮೂರರದು. ಕಸ್ಟಮ್ಸಿನಲ್ಲಿ ಎತ್ತರದ, ಬಿಳಿಚು ಗಡ್ಡದ ಅಧಿಕಾರಿಯೊಬ್ಬ ಬೈರಾಸು ಬಿಚ್ಚಿಸಿ, ಇದೇನೆಂದು ಕೇಳಿದ. ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಳ್ಳುವ ಪುಡಿ, ಇಲ್ಲಿ ಪರೀಕ್ಷೆಗೆ ತಂದಿದ್ದೇನೆ ಎಂದು ಹೇಳಿ ಆಹ್ವಾನ ಪತ್ರ ಕೊಟ್ಟೆ. ಅವನು ಓದಿ, ಬಾಯಿ ಸ್ವಲ್ಪ ತೆರೆದು, "ಹ್ಹಾ" ಎಂದು ಉಸಿರನ್ನು ಒಳಗೆ ಎಳೆದುಕೊಂಡ.

ನಮ್ಮಲ್ಲಿ ಯಾರಾದರೂ ಹಾಗೆ ಉಸಿರೆಳೆದರೆ ಒಂದೋ ಹಾವು ಕಂಡಿರಬೇಕು, ಇಲ್ಲವೇ ಯಾರೋ ತೀರಿಹೋದ ಸುದ್ದಿ ಬಂದಿರಬೇಕು. ನಾನು ಹಿಂದೆ ತಿರುಗಿ ನೋಡಿದೆ. ಏನೂ ಇರಲಿಲ್ಲ. ಹಾಗಾದರೆ ನನ್ನ ಪುಡಿಯೇ ಅವನನ್ನು ಹೆದರಿಸಿದ್ದು. ಇದು ಸ್ಫೋಟಕವಲ್ಲ ಎಂದೆ. ಮತ್ತೆ ಉಸಿರೆಳೆದ. ಮಾದಕ ವಸ್ತುವೂ ಅಲ್ಲ ಎಂದೆ. ಮತ್ತೆ ಎಳೆದ. ಪ್ರಾಂಶುಪಾಲರ ಪತ್ರ, ಗೈಡಿನ ಪತ್ರ, ಕಾಲೇಜಿನ ಗುರುತಿನ ಚೀಟಿ, ಕೊನೆಗೆ ಬಿ.ಎಸ್ಸಿ. ವಿದ್ಯಾರ್ಥಿಗಳ ಜೊತೆ ನಿಂತ ನನ್ನ ಫೋಟೋ, ಎಲ್ಲವನ್ನೂ ಒಂದೊಂದಾಗಿ ಮೇಜಿನ ಮೇಲೆ ಹರಡಿದೆ. ಪ್ರತಿಯೊಂದಕ್ಕೂ ಅವನ ಉಸಿರು ಒಳಗೆ ಹೋಗುತ್ತಿತ್ತು. ಹಿಂದಿನ ಸಾಲಿನಲ್ಲಿದ್ದವರು ನನ್ನನ್ನು ಕರುಣೆಯಿಂದ ನೋಡುತ್ತಿದ್ದರು.

"ನೀವು ಹೋಗಬಹುದು" ಎಂದ ಕೊನೆಗೆ. ಸ್ವಲ್ಪ ಹೊತ್ತು ಬಿಟ್ಟು, "ಮೊದಲನೆಯ ಪತ್ರ ಕೊಟ್ಟಾಗಲೇ ಹೋಗಬಹುದಿತ್ತು" ಎಂದೂ ಸೇರಿಸಿದ.

ಮೊದಲ ಮೂರು ದಿನ

ಆ ಉಸಿರೆಳೆತದ ಅರ್ಥ ಹೇಳಿಕೊಟ್ಟವಳು ಸಿಗ್ರಿಡ್. ಪ್ರಯೋಗಾಲಯದ ಉಪಕರಣ, ಅನಿಲ, ಬೀಗದ ಕೈ ಎಲ್ಲವೂ ಅವಳ ಉಸ್ತುವಾರಿ. ಅರುವತ್ತು ದಾಟಿದ ಹೆಂಗಸು, ಬರುವ ಚಳಿಗಾಲದ ಮೊದಲು ನಿವೃತ್ತಿ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ. ಇಬ್ಬರಿಗೂ ಅದು ಶಾಲೆಯಲ್ಲಿ ಕಲಿತ ಭಾಷೆಯಾದ್ದರಿಂದ ಇಬ್ಬರೂ ನಿಧಾನವಾಗಿ ಮಾತಾಡುತ್ತಿದ್ದೆವು.

"ಅದು ಹೌದು ಅಂತ" ಎಂದಳು ಅವಳು. "ನಮ್ಮ ಕಡೆ ಹೌದು ಎನ್ನುವುದನ್ನು ಉಸಿರು ಒಳಗೆ ಎಳೆದುಕೊಂಡು ಹೇಳುತ್ತೇವೆ. ನಾವು ಹೇಳುತ್ತೇವೆಂದು ನಮಗೇ ಗೊತ್ತಿರುವುದಿಲ್ಲ."

ಆ ಮನುಷ್ಯ ಏಳು ಸಲ ಹೌದು ಎಂದಿದ್ದ, ನಾನು ಏಳು ಸಲ ಜಾಮೀನು ಕೊಟ್ಟಿದ್ದೆ. ಆ ಹೌದನ್ನು ನಾನೂ ಅಭ್ಯಾಸ ಮಾಡಿ ನೋಡಿದೆ. ಬಿಕ್ಕಳಿಕೆ ಬಂತು.

ಆ ಊರಿನ ಜನ ಒಳ್ಳೆಯವರು, ಆದರೆ ಪಕ್ಕಕ್ಕೆ ಬರುವವರಲ್ಲ. ಬಸ್ಸಿನಲ್ಲಿ ಜೋಡಿ ಸೀಟಿನಲ್ಲಿ ಒಬ್ಬರು ಕೂತಿದ್ದರೆ ಉಳಿದವರು ನಿಂತೇ ಹೋಗುತ್ತಾರೆ. ಸುಳ್ಯದ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಕೂತು ಅಭ್ಯಾಸವಾದ ನನಗೆ ಮೊದಲ ದಿನ ನನ್ನ ಮೈಯಿಂದಲೇ ಏನಾದರೂ ವಾಸನೆ ಬರುತ್ತಿದೆಯೋ ಎಂಬ ಸಂಶಯ ಬಂತು. ಹನ್ನೊಂದೂಕಾಲಕ್ಕೆ ಮಧ್ಯಾಹ್ನದ ಊಟ. ಎಲ್ಲರೂ ಮನೆಯಿಂದ ತಂದ ರೊಟ್ಟಿಯ ತುಂಡುಗಳನ್ನು ಎಣ್ಣೆಕಾಗದದಿಂದ ಬಿಚ್ಚುತ್ತಾರೆ. ಮೇಲೆ ಕಂದು ಬಣ್ಣದ ಚೀಸು, ಬೆಲ್ಲದ ಹಾಲುಬಾಯಿಗೆ ಉಪ್ಪು ಹಾಕಿದ ರುಚಿ. ಅವರವರದ್ದು ಅವರವರಿಗೆ. ನಾನು ಒಗ್ಗರಣೆ ಅವಲಕ್ಕಿಯ ಡಬ್ಬಿಯನ್ನು ಅಭ್ಯಾಸಬಲದಿಂದ ಮೇಜಿನ ನಡುವೆ ಇಟ್ಟೆ. ನಮ್ಮ ಸ್ಟಾಫ್‌ರೂಮಿನಲ್ಲಾದರೆ ಮುಚ್ಚಳ ತೆಗೆಯುವ ಮೊದಲೇ ಐದು ಕೈ ಬರುತ್ತವೆ. ಇಲ್ಲಿ ಎಲ್ಲರೂ ಡಬ್ಬಿಯನ್ನು ಮರೆತುಹೋದ ವಸ್ತುವಿನ ಹಾಗೆ ನೋಡಿದರು. ಸಿಗ್ರಿಡ್ ಒಬ್ಬಳೇ, ಇದು ಎಲ್ಲರಿಗೋ ಎಂದು ಕೇಳಿ, ಹೌದು ಎಂದ ಮೇಲೆ ಒಂದು ಚಮಚ ತೆಗೆದುಕೊಂಡಳು. ಮರುದಿನ ಎರಡು ಚಮಚ.

ಅವಳ ಬಗ್ಗೆ ನನಗೆ ಗೌರವ ಹುಟ್ಟಿದ್ದು ಅವಳ ನೋಟ್‌ಬುಕ್ಕಿನಿಂದ. ರಟ್ಟಿನ ಬೈಂಡಿನ, ಗೆರೆ ಹಾಕಿದ ಪುಸ್ತಕ. ಅಂಥವು ಅವಳ ಕಪಾಟಿನ ತುಂಬ ಉಂಟು. ದಿನದ ಪ್ರತಿಯೊಂದು ಕೆಲಸವನ್ನೂ ಪೆನ್ನಿನಲ್ಲಿ ಬರೆಯುವುದು, ತಪ್ಪಾದರೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುವುದು. ಗೀಚಿ ಕಪ್ಪು ಮಾಡುವ ಹಾಗಿಲ್ಲ. "ತಪ್ಪು ಓದಲು ಸಿಗಬೇಕು" ಎಂದಳು. ನನ್ನ ವಿದ್ಯಾರ್ಥಿಗಳು ವೈಟ್‌ನರ್ ಹಚ್ಚಿ ಹಚ್ಚಿ ರೆಕಾರ್ಡ್ ಪುಸ್ತಕದ ಹಾಳೆಯನ್ನು ನೀರುದೋಸೆಗಿಂತ ದಪ್ಪ ಮಾಡುವುದು ನೆನಪಾಯಿತು.

ಗುರುವಾರ, ಒಂದೇ ಗೆರೆ

ಪರೀಕ್ಷೆಯ ಉಪಾಯ ಸರಳ. ಇಂಗಾಲದಲ್ಲಿ ಹೆಚ್ಚಿನದೆಲ್ಲ ಹನ್ನೆರಡರ ತೂಕದ್ದು. ನೂರಕ್ಕೆ ಒಂದರಷ್ಟು ಮಾತ್ರ ಹದಿಮೂರರದು. ಹದಿಮೂರರ ಇಂಗಾಲದಿಂದಲೇ ಮಾಡಿದ ಡೈ ಆಕ್ಸೈಡ್ ಸಣ್ಣ ಸಿಲಿಂಡರಿನಲ್ಲಿ ಸಿಗುತ್ತದೆ. ದೊಡ್ಡ ಜಾತ್ರೆಯಲ್ಲಿ ನಮ್ಮವರನ್ನು ಗುರುತಿಸಲು ಕೆಂಪು ಅಂಗಿ ಹಾಕಿಸಿ ಕಳಿಸಿದ ಹಾಗೆ. ಪುಡಿಗೆ ಈ ಅನಿಲವನ್ನೂ ಹೈಡ್ರೋಜನನ್ನೂ ಕೊಟ್ಟು, ಬಂದ ಆಸಿಡನ್ನು ಒಂದು ಯಂತ್ರದಲ್ಲಿ ನೋಡುವುದು. ಆಸಿಡ್ಡಿನ ಇಂಗಾಲ ಹದಿಮೂರರದಾದರೆ ಪರದೆಯ ಮೇಲೆ ಗೆರೆ ಎರಡಾಗಿ ಒಡೆದು ಆಚೆ ಈಚೆ ನಿಲ್ಲುತ್ತದೆ. ಸಾಧಾರಣ ಇಂಗಾಲವಾದರೆ ನಡುವೆ ಒಂದೇ ಗೆರೆ.

ಅನಿಲ ಇದ್ದದ್ದು ಒಂದು ಸಲಕ್ಕೆ ಸಾಲುವಷ್ಟು. ಮತ್ತೆ ತರಿಸಲು ತಿಂಗಳುಗಳು ಬೇಕು. ಸಿಗ್ರಿಡ್ ಕೊಳವೆಗಳನ್ನು ಎರಡೆರಡು ಸಲ ತೊಳೆದು, ಸಿಲಿಂಡರ್ ಜೋಡಿಸಿ, ತಿರುಪು ತಿರುಗಿಸಿದಳು. ನಾನು ಪಕ್ಕದಲ್ಲಿ ನಿಂತು ಪುಡಿ ತೂಗಿ ಕೊಟ್ಟೆ. ಬುಧವಾರವಿಡೀ ಪುಡಿ ಅನಿಲ ಕುಡಿಯಿತು. ಗುರುವಾರ ಬೆಳಿಗ್ಗೆ ಅದನ್ನು ನೀರಿನಲ್ಲಿ ತೊಳೆದು, ತೊಳೆದ ನೀರನ್ನು ಬೆರಳಿಗಿಂತ ತೆಳುವಾದ ನಳಿಕೆಯಲ್ಲಿ ಹಾಕಿ ಯಂತ್ರಕ್ಕೆ ಇಳಿಸಿದೆವು.

ಪ್ರಯೋಗಾಲಯದ ಮುಖ್ಯಸ್ಥ ಯೋನಾಸ್ ಕೂಡ ಬಂದು ನಿಂತ. ನನಗಿಂತ ಹತ್ತು ವರ್ಷ ಸಣ್ಣ ಪ್ರಾಯದ ಪ್ರೊಫೆಸರ್, ಕಾಲಲ್ಲಿ ಉಣ್ಣೆಯ ಕಾಲುಚೀಲ ಮಾತ್ರ. ಆಫೀಸಿನೊಳಗೆ ಅಲ್ಲಿ ಹೆಚ್ಚಿನವರೂ ಹಾಗೆಯೇ. ಪರದೆಯ ಮೇಲೆ ಗೆರೆ ಮೂಡಿತು. ದೊಡ್ಡ ಗೆರೆ. ಆಸಿಡ್ ಧಾರಾಳ ಇತ್ತು.

ಗೆರೆ ಒಂದೇ ಇತ್ತು. ಸರಿಯಾಗಿ ನಡುವೆ.

ಯೋನಾಸ್ ಪರದೆಗೆ ಬಗ್ಗಿ ನೋಡಿ, "ಹಾಗಾದರೆ ಎರಡರಲ್ಲಿ ಒಂದು. ಅನಿಲ ತಪ್ಪಿದೆ, ಅಥವಾ ಆಸಿಡ್ ಬೇರೆ ಎಲ್ಲಿಂದಲೋ ಬಂದಿದೆ. ಪುಡಿಯಲ್ಲೇ ಮೊದಲೇ ಇದ್ದಿರಬಹುದೇ?" ಎಂದು ನನ್ನನ್ನು ಕೇಳಿದ.

ಸಾಧ್ಯವಿಲ್ಲ ಎಂದೆ. ಪುಡಿ ಮಾಡುವಾಗ ನಾನು ಫಾರ್ಮಿಕ್ ಆಸಿಡ್ ಮುಟ್ಟಿಯೇ ಇರಲಿಲ್ಲ. ಅನಿಲ ಕೊಡದೆ ಬರೇ ಪುಡಿಯನ್ನು ತೊಳೆದು ನೋಡುವ ಪರೀಕ್ಷೆಯನ್ನೂ ಊರಲ್ಲೇ ಮಾಡಿದ್ದೆ, ಏನೂ ಬಂದಿರಲಿಲ್ಲ. ನಾನು ಹೇಳಿದ್ದು ನನಗೆ ಗೊತ್ತಿದ್ದ ಮಟ್ಟಿಗೆ ಸತ್ಯವೇ. ದನಿ ಮಾತ್ರ ಕ್ಲಾಸಿನಲ್ಲಿ ಹುಡುಗರನ್ನು ಗದರುವಾಗಿನಷ್ಟು ಗಟ್ಟಿಯಾಗಿತ್ತು.

ಶುಕ್ರವಾರ

ಮರುದಿನ ಬೆಳಿಗ್ಗೆ ಸಿಗ್ರಿಡ್ ನಮ್ಮಿಬ್ಬರನ್ನೂ ಕರೆದು ಕಪಾಟು ತೆರೆದು ತೋರಿಸಿದಳು. ಒಳಗೆ ಎರಡು ಸಣ್ಣ ಸಿಲಿಂಡರ್, ಅಕ್ಕಪಕ್ಕ, ಒಂದೇ ಬಣ್ಣ. ಒಂದು ವಿಶೇಷದ್ದು, ಇನ್ನೊಂದು ಸಾಧಾರಣದ್ದು. ಕೊಳವೆ ತೊಳೆಯಲು ಸಾಧಾರಣದ್ದನ್ನೂ ಆ ದಿನ ತೆರೆದಿದ್ದಳು. ಒತ್ತಡ ನೋಡಿ ಈಗ ಏನೂ ಹೇಳುವಂತಿರಲಿಲ್ಲ, ಪ್ರಯೋಗ ಮುಗಿದ ಮೇಲೆ ಎರಡು ಸಿಲಿಂಡರಿನಲ್ಲೂ ಉಳಿದಿದ್ದ ಅನಿಲವನ್ನು ರೂಢಿಯಂತೆ ಹೊರಗೆ ಬಿಟ್ಟಾಗಿತ್ತು.

"ತಪ್ಪು ತಿರುಪನ್ನು ತಿರುಗಿಸಿದೆ ಎಂದು ನನಗೆ ನೆನಪಿಲ್ಲ. ಆದರೆ ಬೇರೆ ದಾರಿ ಕಾಣುವುದಿಲ್ಲ" ಎಂದಳು. ಆಮೇಲೆ ಮೇಜಿಗೆ ಹೋಗಿ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದಳು. ಪರೀಕ್ಷೆ ಕೆಟ್ಟಿದೆ, ಬಹುಶಃ ನಾನು ಸಾಧಾರಣ ಅನಿಲವನ್ನು ಬಿಟ್ಟಿದ್ದೇನೆ ಎಂದು. ಯೋನಾಸ್ ಅವಳ ಭುಜ ತಟ್ಟಿ ಹೋದ.

ನಾನು ಹೊರಗೆ ಬಂದು ಮಂಗಳೂರಿನಲ್ಲಿರುವ ನನ್ನ ಗೈಡಿಗೆ ಫೋನ್ ಮಾಡಿದೆ. ಅವರು ಒಳ್ಳೆಯ ಮನುಷ್ಯ, ನನ್ನ ಪ್ರಾಯ ನೋಡಿ ಬೇರೆಯವರು ಹಿಂದೆ ಸರಿದಾಗ ನನ್ನನ್ನು ತೆಗೆದುಕೊಂಡವರು.

"ನೋಡಿ ಮೇಡಂ, ತಪ್ಪು ನಮ್ಮದು ಅಂತ ಅವರೇ ಬರ್ದು ಕೊಟ್ಟಿದ್ದಾರಲ್ಲ. ಅದನ್ನೇ ಹಾಕಿ ಪತ್ರಿಕೆಯವರಿಗೆ ಕಳ್ಸುವಾ. ಅವರು ಸ್ವಲ್ಪ ಟೈಮ್ ಕೊಡ್ತಾರೆ. ನೀವು ತಲೆಬಿಸಿ ಮಾಡುದು ಬೇಡ" ಎಂದರು.

ನನಗೆ ಸಮಾಧಾನವಾಯಿತು. ಅದನ್ನು ಮುಚ್ಚಿಡುವುದಿಲ್ಲ. ತಪ್ಪು ನನ್ನದಲ್ಲ ಎಂದರೆ ಬರುವ ಸಮಾಧಾನ. ಊಟದ ಹೊತ್ತಿಗೆ ಅವಲಕ್ಕಿಯ ಡಬ್ಬಿ ನಡುವೆ ಇಟ್ಟೆ. ಸಿಗ್ರಿಡ್ ತನ್ನ ಕಾಗದದ ಪೊಟ್ಟಣವನ್ನು ಬಿಚ್ಚದೆ ಕೂತಿದ್ದಳು. ಅದು ಅವಳ ಕೊನೆಯ ನೋಟ್‌ಬುಕ್ಕು ಎಂದು ಯಾರೋ ಹೇಳಿದರು. ಚಳಿಗಾಲದ ತನಕ ಸಾಲುವಷ್ಟೇ ಹಾಳೆ ಉಳಿದಿದೆಯಂತೆ.

ಶನಿವಾರ, ಕಿಟಕಿಯ ಬೈರಾಸು

ಜೂನಿನಲ್ಲಿ ಆ ಊರಿಗೆ ಕತ್ತಲೆಯೇ ಬರುವುದಿಲ್ಲ. ನನಗೆ ಕೊಟ್ಟಿದ್ದ ಕೋಣೆಯ ಕಿಟಕಿಗೆ ತೆಳುವಾದ ಪರದೆ, ಮಲಗಿದರೆ ರೆಪ್ಪೆಯ ಮೇಲೆ ಬೆಳಕು ಕೂತ ಹಾಗೆ ಆಗುತ್ತಿತ್ತು. ಕುಪ್ಪಿಗಳನ್ನು ಪ್ರಯೋಗಾಲಯಕ್ಕೆ ಒಪ್ಪಿಸಿದ ಮೇಲೆ ಬೈರಾಸು ಚೀಲದ ತಳದಲ್ಲಿ ಸುಮ್ಮನೆ ಬಿದ್ದಿತ್ತು. ಶುಕ್ರವಾರ ಅದನ್ನು ಕಿಟಕಿಗೆ ಸಿಕ್ಕಿಸಿ ಮಲಗಿದೆ. ನಿದ್ದೆ ಚೆನ್ನಾಗಿಯೇ ಬಂತು.

ಶನಿವಾರ ನದಿಯ ದಡದಲ್ಲಿ ಅಲೆದಾಡಿದೆ. ಹಳೆಯ ಮರದ ಗೋದಾಮುಗಳು ಕೆಂಪು, ಹಳದಿ ಬಣ್ಣ ಬಳಿದುಕೊಂಡು ನೀರಿನಲ್ಲಿ ಕಂಬದ ಮೇಲೆ ನಿಂತಿವೆ. ನೋಡಲು ಚೆಂದ. ನಾಲ್ಕು ಜನ ಬಿಸಿಲಿಗೆ ಮುಖ ಒಡ್ಡಿ ಕಣ್ಣು ಮುಚ್ಚಿ ಕೂತಿದ್ದರು, ನಾಲ್ಕು ಬೇರೆ ಬೇರೆ ಬೆಂಚುಗಳಲ್ಲಿ. ನಾನು ಕೊಡೆ ಬಿಡಿಸಿಕೊಂಡು ನಡೆದೆ. ಬಿಸಿಲಿಗೆ ಕೊಡೆ ಹಿಡಿದವಳನ್ನು ಅವರು ಜೀವಮಾನದಲ್ಲಿ ನೋಡಿರಲಿಲ್ಲವೆಂದು ಕಾಣುತ್ತದೆ.

ಮೂರು ಗಂಟೆಗೆ ಕೋಣೆಗೆ ಬಂದು ಬಾಗಿಲು ತೆರೆದೆ. ಒಳಗೆ ಐವರ್ನಾಡು ಇತ್ತು.

ಹೇಳಬೇಕೆಂದರೆ ಮೊದಲು ಆದದ್ದು ಸಂತೋಷ. ಬಂದ ಮೇಲೆ ಒಮ್ಮೆಯೂ ಮನೆಯ ಹಂಬಲ ಕಾಡಿರಲಿಲ್ಲ. ಈಗ ಕಾಡಿತು. ಶೀಟು ಒಣಗಿಸಲು ಅಕ್ಕನ ಮನೆಯ ಹಿಂದೆ ಕಟ್ಟಿದ ಪ್ಲಾಸ್ಟಿಕ್ ಗೂಡು, ಒಳಗೆ ಬಿದಿರಿನ ಗಳುಗಳ ಮೇಲೆ ಸಾಲಾಗಿ ತೂಗುಹಾಕಿದ ರಬ್ಬರ್ ಶೀಟು, ಮಧ್ಯಾಹ್ನದ ಸೆಕೆಗೆ ಮೂಗಿನೊಳಗೆ ಚುಚ್ಚುವ ಹುಳಿ ವಾಸನೆ. ಕಿಟಕಿಯ ಗಾಜಿನ ಬಿಸಿಲಿಗೆ ಬೈರಾಸು ಕಾದು ಆ ವಾಸನೆಯನ್ನೇ ಬಿಡುತ್ತಿತ್ತು. ಮಂಚದಲ್ಲಿ ಕೂತು ಕಣ್ಣು ಮುಚ್ಚಿ ಅದನ್ನು ಎಳೆದುಕೊಂಡೆ.

ಎರಡನೆಯ ಉಸಿರಿಗೆ ನಾನು ಕೆಮಿಸ್ಟ್ರಿ ಟೀಚರ್ ಎಂಬುದು ನೆನಪಾಯಿತು.

ಕಾಲೇಜಿನ ಒಣಗಿಸುವ ಒಲೆ ಕೆಟ್ಟು ಒಂದು ವರ್ಷವಾಗಿದೆ. ರಿಪೇರಿಯವನು ನಾಳೆ ಬರುತ್ತೇನೆ ಎನ್ನುತ್ತಲೇ ಇದ್ದಾನೆ. ಅಲ್ಲಿಂದ ಮೇಲೆ ಪುಡಿಯ ತಟ್ಟೆಗಳನ್ನು ಭಾವನ ಗೂಡಿನಲ್ಲಿಟ್ಟು ಈ ಬೈರಾಸನ್ನು ಹೊದೆಸುತ್ತಿದ್ದೆ. ಮಧ್ಯಾಹ್ನ ಅದರೊಳಗಿನ ಸೆಕೆ ಕಾಲೇಜಿನ ಒಲೆಗೇನೂ ಕಡಿಮೆಯಿಲ್ಲ. ಮತ್ತು ಅಲ್ಲಿಂದ ಮೇಲೆಯೇ ಪುಡಿ ಮೊದಲಿಗಿಂತ ಎಷ್ಟೋ ಹೆಚ್ಚು ಆಸಿಡ್ ಕೊಡತೊಡಗಿದ್ದು. ನಿಧಾನವಾಗಿ ಬಿಸಿಲಿನಲ್ಲಿ ಒಣಗಿದ್ದರಿಂದ ಕೋಣೆಗಳು ಚೆನ್ನಾಗಿ ತೆರೆದುಕೊಂಡಿವೆ ಎಂದು ಪ್ರಬಂಧದಲ್ಲಿ ಒಂದು ಪುಟ ಬರೆದಿದ್ದೆ. ಬರೇ ಪುಡಿಯನ್ನು ತೊಳೆದು ನೋಡಿದ ಪರೀಕ್ಷೆ ಮಾತ್ರ ಒಲೆ ಕೆಡುವ ಮೊದಲಿನ ಪುಡಿಯದು. ಇನ್ನೊಮ್ಮೆ ಮಾಡಬೇಕೆಂದು ನನಗೆ ತೋಚಿಯೇ ಇರಲಿಲ್ಲ. ಒಣಗುವ ಶೀಟು ಗೂಡಿನ ಗಾಳಿಗೆ ಆಸಿಡ್ ಬಿಡುತ್ತದೆ ಎಂಬುದೂ ತೋಚಿರಲಿಲ್ಲ. ಹುಟ್ಟಿದಾಗಿನಿಂದ ಮೂಗಿನಲ್ಲಿರುವ ವಾಸನೆಯನ್ನು ಯಾರೂ ವಾಸನೆ ಎಂದು ಲೆಕ್ಕ ಹಿಡಿಯುವುದಿಲ್ಲ.

ಗಾಳಿ ಕುಡಿಯುವ ಪುಡಿ ಎಂದು ನಾನೇ ಊರಿಡೀ ಹೇಳಿಕೊಂಡು ಬಂದಿದ್ದೆ. ಅದು ಕುಡಿದಿತ್ತು. ಭಾವನ ಗೂಡಿನ ಗಾಳಿಯನ್ನು ತಿಂಗಳುಗಟ್ಟಲೆ ಕುಡಿದು, ಅದರಲ್ಲಿದ್ದ ಆಸಿಡನ್ನು ಕೋಣೆಕೋಣೆಯಲ್ಲೂ ತುಂಬಿಕೊಂಡು ನಾರ್ವೆಗೆ ಬಂದು, ತೊಳೆದ ಕೂಡಲೇ ಹಿಂದೆ ಕೊಟ್ಟಿತ್ತು. ಸಿಗ್ರಿಡ್ ಸರಿಯಾದ ತಿರುಪನ್ನೇ ತಿರುಗಿಸಿದ್ದಳು.

ಆಮೇಲೆ ಮಾಡಿದ್ದನ್ನೂ ಬರೆಯುತ್ತೇನೆ. ಬೈರಾಸನ್ನು ತೆಗೆದುಕೊಂಡು ನೆಲಮಾಳಿಗೆಯ ಒಗೆಯುವ ಯಂತ್ರಕ್ಕೆ ಹೋದೆ. ಒಗೆದರೆ ಮುಗಿಯಿತು, ವಾಸನೆಯೂ ಇಲ್ಲ, ವಿಷಯವೂ ಇಲ್ಲ. ಅಲ್ಲಿ ಯಂತ್ರಕ್ಕೆ ಮೊದಲೇ ಹೆಸರು ಬರೆದಿಡಬೇಕು. ಶನಿವಾರದ ಗಳಿಗೆಗಳೆಲ್ಲ ತುಂಬಿದ್ದವು. ಭಾನುವಾರ ಒಗೆಯುವಂತಿಲ್ಲ ಎಂದು ಬೋರ್ಡಿತ್ತು. ಖಾಲಿ ಇದ್ದದ್ದು ಸೋಮವಾರ. ನಮ್ಮಲ್ಲಾದರೆ ಒಗೆಯುವ ಕಲ್ಲಿಗೆ ಯಾರ ಒಪ್ಪಿಗೆಯೂ ಬೇಡ, ಐದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಬೈರಾಸನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ನನ್ನ ಪ್ರಾಮಾಣಿಕತೆಯಲ್ಲಿ ಆ ಬೋರ್ಡಿನ ಪಾಲೂ ಉಂಟು.

ಸೋಮವಾರ

ಭಾನುವಾರವಿಡೀ 'ತಪ್ಪು ಓದಲು ಸಿಗಬೇಕು' ಎಂದವಳು ಪೊಟ್ಟಣ ಬಿಚ್ಚದೆ ಕೂತದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಸೋಮವಾರ ಬೆಳಿಗ್ಗೆ ಬೈರಾಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಸಿಗ್ರಿಡ್‌ಳ ಮೇಜಿನ ಎದುರು ನಿಂತೆ.

"ನಿನ್ನ ತಪ್ಪಲ್ಲ ಎಂದು ಕಾಣುತ್ತದೆ" ಎಂದೆ. "ಒಂದು ಕುಪ್ಪಿ ಪುಡಿ ಇನ್ನೂ ತೆರೆದಿಲ್ಲ. ಅದಕ್ಕೆ ಯಾವ ಇಂಗಾಲದ ಅನಿಲವನ್ನೂ ಕೊಡದೆ, ಬರೇ ಆರ್ಗಾನಿನಲ್ಲಿ ಬಿಸಿ ಮಾಡಿ, ತೊಳೆದು ನೋಡುವ."

ಅವಳು ಕಾರಣ ಕೇಳಿದಳು. ರಬ್ಬರ್ ಹಾಲು, ಆಸಿಡ್, ಶೀಟು, ಪ್ಲಾಸ್ಟಿಕ್ ಗೂಡು, ಎಲ್ಲ ಹೇಳಿದೆ. ಚೀಲ ತೆರೆದು ಬೈರಾಸನ್ನು ಮುಂದೆ ಹಿಡಿದೆ. ಮೂಸಿ ನೋಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಅವಳಿಗೆ ಅದು ಬರೇ ಹುಳಿ ವಾಸನೆಯ ಹಳೆ ಬಟ್ಟೆ.

ಹನ್ನೊಂದೂಕಾಲರ ಊಟಕ್ಕೆ ಮುಂಚೆ ಫಲಿತಾಂಶ ಬಂತು. ಗುರುವಾರ ನಿಂತಿದ್ದ ಜಾಗದಲ್ಲೇ ಅದೇ ಒಂಟಿ ಗೆರೆ. ಅನಿಲ ಕೊಡದ ಪುಡಿ ಅಷ್ಟೇ ಆಸಿಡ್ ಕೊಟ್ಟಿತ್ತು. ಐದು ವರ್ಷದ ಕೆಲಸ ಎಂದರೆ ಎಷ್ಟು ಎಂದು ನನಗೆ ಆಗ ಗೊತ್ತಾಯಿತು. ಪಕ್ಕದ ಸ್ಟೂಲಿನಲ್ಲಿ ಕೂತೆ.

ಸಿಗ್ರಿಡ್ ನೋಟ್‌ಬುಕ್ ತೆಗೆದಳು. ಶುಕ್ರವಾರದ ಸಾಲಿನ ಮೇಲೆ ಸ್ಕೇಲ್ ಇಟ್ಟು ಒಂದೇ ಒಂದು ಗೆರೆ ಎಳೆದಳು. ಓದಲು ಸಿಗುವ ಹಾಗೆ. ಪಕ್ಕದಲ್ಲಿ ತಾರೀಕು ಹಾಕಿ, ಇಂಗಾಲದ ಮೂಲ ಎಂದು ಬರೆದು ಪೆನ್ನು ನಿಲ್ಲಿಸಿದಳು.

"ಊರಿನ ಹೆಸರು ಹೇಗೆ ಬರೆಯುವುದು?"

ಒಂದೊಂದೇ ಅಕ್ಷರ ಹೇಳಿದೆ. ಅವಳು ಬರೆದು, ಪುಸ್ತಕ ತಿರುಗಿಸಿ ತೋರಿಸಿದಳು. ಪರದೇಶದ ಪ್ರಯೋಗಾಲಯದ ದಾಖಲೆಯಲ್ಲಿ ಐವರ್ನಾಡಿನ ಹೆಸರು ಬಂದದ್ದು ಬಹುಶಃ ಅದೇ ಮೊದಲು. ಬಂದದ್ದು ಕಲ್ಮಶವಾಗಿ. ಸರಿಯಾಗಿದೆಯೇ ಎಂದು ಕೇಳಿದಳು. ಸರಿಯಾಗಿದೆ ಎಂದೆ.

"ಇದನ್ನು ಹೇಳದೆಯೂ ಹೋಗಬಹುದಿತ್ತು, ಅಲ್ಲವೇ?" ಎಂದು ನಾನೇ ಕೇಳಿದೆ. ಏಕೆ ಕೇಳಿದೆನೋ ಗೊತ್ತಿಲ್ಲ.

ಅವಳು ಉಸಿರನ್ನು ಒಳಗೆ ಎಳೆದುಕೊಂಡಳು.

ಆಮೇಲೆ ಊಟಕ್ಕೆ ಹೋದೆವು. ಅವಳು ತನ್ನ ಪೊಟ್ಟಣ ಬಿಚ್ಚಿ, ಕಂದು ಚೀಸಿನ ರೊಟ್ಟಿಯನ್ನು ಎರಡು ತುಂಡು ಮಾಡಿ ಒಂದನ್ನು ಮೇಜಿನ ನಡುವೆ, ನನ್ನ ಡಬ್ಬಿಯ ಪಕ್ಕದಲ್ಲಿಟ್ಟಳು.

ಸಂಜೆ ಗೈಡಿಗೆ ಫೋನ್ ಮಾಡಿದೆ. ನಡೆದದ್ದೆಲ್ಲ ಹೇಳಿದೆ. "ಆಯ್ತು ಮೇಡಂ. ಪ್ರಬಂಧ ಹಿಂದೆ ತಕೊಳ್ಳುವಾ" ಎಂದರು. ಫೋನ್ ಇಟ್ಟ ಮೇಲೆ ಅತ್ತುಬಿಟ್ಟೆ.

ಮತ್ತೆ ಐವರ್ನಾಡು

ನಾನು ಹಿಂದೆ ಬಂದ ಭಾನುವಾರ ಭಾವ ಕೊಟ್ಟಿಗೆಯ ಪಕ್ಕದ ಮಾಡಿನಡಿ ಟ್ರೇಗಳಿಗೆ ಹಾಲು ಸುರಿಯುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಎಂತ ಆಯ್ತು ಟೀಚರೆ? ಗಾಳಿಯಿಂದ ಆಸಿಡ್ ಬಂತಾ?"

"ಬಂತು ಭಾವ. ಆದರೆ ಅದು ನಿಮ್ಮದೇ ಆಸಿಡ್."

ಎಲ್ಲ ಹೇಳಿದೆ. ಗೂಡಿನ ವಿಷಯಕ್ಕೆ ಬಂದಾಗ ಅವರು ಹಾಲಿನ ಮಗ್ಗನ್ನು ಕೆಳಗಿಟ್ಟರು. ನಗುತ್ತಾರೆಂದು ನೆನೆಸಿದ್ದೆ. ನಗಲಿಲ್ಲ. ಆಸಿಡ್ ಕ್ಯಾನಿನ ಮುಚ್ಚಳವನ್ನು ನಿಧಾನವಾಗಿ ಬಿಗಿ ಮಾಡಿ, ಅದನ್ನು ತನ್ನಿಂದ ಸ್ವಲ್ಪ ದೂರ ಸರಿಸಿದರು.

"ನಾನೇ ಹೇಳಿದ್ದಲ್ವಾ, ಗೂಡಿನಲ್ಲಿ ಇಡಿ ಅಂತ."

"ಮೂಗು ನನ್ನದೂ ಉಂಟಲ್ಲ ಭಾವ."

ಅವರು ಟ್ರೇಯ ಅಂಚಿನಲ್ಲಿ ಹೆಪ್ಪಾಗುತ್ತಿದ್ದ ಹಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಅಕ್ಕ ಒಳಗಿನಿಂದ ಕಾಫಿಗೆ ಕರೆದಳು. ಇಬ್ಬರೂ ಏಳಲಿಲ್ಲ.

"ಆ ಹಳೇ ಪುಡಿ, ಒಲೆ ಹಾಳಾಗುದಕ್ಕೆ ಮೊದಲಿಂದು, ಅದು ಸ್ವಲ್ಪವಾದ್ರೂ ಮಾಡ್ತಿತ್ತು ಅಂತ ಹೇಳ್ತಿದ್ರಿ ಅಲ್ವಾ? ಅದು ಗೂಡಿಗೆ ಬಂದದ್ದೇ ಅಲ್ಲ" ಎಂದರು.

"ಬಹಳ ಸ್ವಲ್ಪ. ಇದ್ದದ್ದೋ ಇಲ್ಲದ್ದೋ ಅಂತ ಸಂಶಯ ಬರುವಷ್ಟು."

"ಹಾಗಾದ್ರೆ ಅಲ್ಲಿಂದಲೇ ಮತ್ತೆ ಸುರು ಮಾಡುದಾ?"

ನನಗೆ ಐವತ್ತಕ್ಕೆ ಇನ್ನು ಮೂರು ವರ್ಷ. ಒಲೆ ಇನ್ನೂ ರಿಪೇರಿಯಾಗಿಲ್ಲ. ಉತ್ತರ ಕೊಡಲು ಬಾಯಿ ತೆರೆದೆ. ಮಾತಿನ ಬದಲು ಉಸಿರು ಒಳಗೆ ಹೋಯಿತು, ಅಷ್ಟು ದಿನ ಪ್ರಯತ್ನಪಟ್ಟರೂ ಬಾರದಿದ್ದದ್ದು.

ಭಾವ ಗಾಬರಿಯಿಂದ ಎದ್ದು ನನ್ನ ಕಾಲಬುಡ ನೋಡಿದರು.

"ಎಂತ? ಹಾವಾ?"

"ಅಲ್ಲ ಭಾವ" ಎಂದೆ. "ಹೌದು ಅಂತ ಹೇಳಿದ್ದು."